ಒಡೆದ ಹಿಮ್ಮಡಿ

ನನ್ನ ಸೊಸೆ ಶಿಲ್ಪಿ. ಅವಳ ಕೈಗೆ ಸಿಕ್ಕ ಮನುಷ್ಯರು ಬರೀ ಮನುಷ್ಯರಾಗಿ ಉಳಿಯುವುದಿಲ್ಲ. ಒಬ್ಬನ ಬೆನ್ನು ತೊಗಟೆಯಾಗುತ್ತದೆ, ಇನ್ನೊಬ್ಬಳ ಜಡೆ ಬಳ್ಳಿಯಾಗುತ್ತದೆ. "ಇವಕ್ಕೆ ದಿನಾ ನೀರು ಹಾಕ್ಬೇಕೇನೇ?" ಎಂದು ಕೆಣಕಿದರೆ ನಗುತ್ತಾಳೆ. ಜಗಳಕ್ಕೇ ಬರುವುದಿಲ್ಲ, ಅದೇ ನನಗೆ ಬೇಜಾರು.

ಈ ಸಲ ಉದ್ಯಾನದವರು ದೊಡ್ಡ ಕಂಚಿನ ಮೂರ್ತಿ ಕೇಳಿದ್ದರು. ಅವಳಿಗೆ ಅಂಥ ಕೆಲಸ ಸಿಕ್ಕಿದ್ದು ಅದೇ ಮೊದಲು. ಕೂತ ಮುದುಕಿಯೊಬ್ಬಳ ಪಾದದಿಂದ ಬೇರು ಹೊರಟು ನೆಲಕ್ಕಿಳಿಯುತ್ತದೆ. ಮೊದಲು ಮಣ್ಣಿನಲ್ಲಿ ಮಾಡಿ, ಅಚ್ಚು ತೆಗೆದು, ಆಮೇಲೆ ಕಂಚು ಎರೆಯುವುದು. ಮುದುಕಿಯಾಗಿ ಕೂರಲು ಸಿಕ್ಕವಳು ನಾನು! ಮುಖ, ಕೈ, ಬೆನ್ನು ಎಲ್ಲ ಮುಗಿದವು.

"ಅತ್ತೆ, ಇನ್ನು ಹಿಮ್ಮಡಿ ಒಂದೇ ಬಾಕಿ. ಮುಂದಿನ ವಾರ ಕೂತ್ಕೊಳ್ಳಿ," ಎಂದಳು.

ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಹಿತ್ತಲ ತರಕಾರಿ ಮಡಿಗಳಲ್ಲಿ ಬರಿಗಾಲಲ್ಲಿ ತಿರುಗಿ ತಿರುಗಿ ನನ್ನ ಹಿಮ್ಮಡಿ ಹಳೇ ಗೋಡೆಯ ಗಾರೆಯ ಹಾಗೆ ಬಿರುಕು ಬಿಟ್ಟಿದೆ. ನೆಂಟರು ಬಂದರೆ ಕಾಲು ಮಡಚಿ ಬಚ್ಚಿಡುವವಳು ನಾನು. ಅದನ್ನು ಊರೆಲ್ಲ ನೋಡಬೇಕಂತೆ! ಮಾನ ಹರಾಜಾಗುವುದೇ ಆದರೆ ಸ್ವಲ್ಪ ಅಂದವಾಗಿಯಾದರೂ ಆಗಲಿ ಎಂದುಕೊಂಡೆ. ವಾರವಿಡೀ ಬಚ್ಚಲ ಬಾಗಿಲು ಹಾಕಿಕೊಂಡು ಬಿಸಿನೀರಲ್ಲಿ ಕಾಲು ನೆನೆಸಿದೆ, ಕಲ್ಲಿನಿಂದ ತಿಕ್ಕಿದೆ, ಮುಲಾಮು ಹಚ್ಚಿ ಕಾಲುಚೀಲ ಹಾಕಿಕೊಂಡೆ.

ಕೂರುವ ದಿನ ಜಂಬದಿಂದ ಕಾಲು ಚಾಚಿದೆ. ಸೊಸೆಯ ಮುಖ ಬಿಳುಚಿಕೊಂಡಿತು.

"ಅಯ್ಯೋ ಅತ್ತೆ, ಇದೇನ್ ಮಾಡ್ಕೊಂಡ್ರಿ?"

"ಯಾಕೆ, ಚೆನ್ನಾಗಿಲ್ವಾ?"

"ಆ ಬಿರುಕಿಂದಾನೇ ಬೇರು ಹೊರಡೋದು ಅತ್ತೆ. ನಿಮ್ಮ ಕಾಲು ನೋಡಿದ್ಮೇಲೇ ನಂಗೆ ಈ ಮೂರ್ತಿ ಹೊಳೆದದ್ದು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅವಳು ನೆನಪಿನಿಂದ ಬಿರುಕು ಗೀರಿ ನೋಡಿದಳು. "ಸುಳ್ಳು ಕಾಣ್ತಿದೆ," ಎಂದು ಬೆರಳಿನಿಂದ ಒರೆಸಿಬಿಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಸುಮ್ಮನೆ ಮಣ್ಣಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಕೂತಳು.

"ಆ ಮಣ್ಣು ಒಣಗದ ಹಾಗೆ ನೋಡ್ಕೋ. ಉಳಿದದ್ದು ನನಗೆ ಬಿಡು," ಎಂದವಳೇ ಕಾಲುಚೀಲ ಎಸೆದು ಹಿತ್ತಲಿಗೆ ನಡೆದೆ. ಬೆಳಿಗ್ಗೆ ಕೆಸರು, ಮಧ್ಯಾಹ್ನ ಕಾದ ನೆಲ.

"ಅಮ್ಮ, ಚಪ್ಪಲಿನಾದ್ರೂ ಹಾಕ್ಕೋ," ಎಂದ ಮಗ.

"ಸುಮ್ನಿರೋ, ಕೆಲಸದಲ್ಲಿದೀನಿ!"

ಸೊಸೆ ದಿನಾ ನನ್ನ ಪಾದ ಎತ್ತಿ ನೋಡುವಳು. ಮೊದಲ ಬಿರುಕು ಕಂಡ ದಿನ ಇಬ್ಬರೂ ಕೂಸಿಗೆ ಹಲ್ಲು ಬಂದಷ್ಟು ಸಂಭ್ರಮಪಟ್ಟೆವು. ಆ ತಿಂಗಳು ಮುಗಿಯುವುದರೊಳಗೆ ಅವಳು ಬೇರು ಇಳಿಸಿ ಮುಗಿಸಿದಳು.

ಉದ್ಯಾನದಲ್ಲಿ ಮೂರ್ತಿ ನಿಲ್ಲಿಸಿದ ದಿನ ಜನ ನೆರೆದಿದ್ದರು. ನಾನು ಕಾಲು ಮರೆಸಿಕೊಂಡು ಹಿಂದೆಯೇ ನಿಂತಿದ್ದೆ. ಬುಟ್ಟಿ ಹಿಡಿದ ಹೆಂಗಸೊಬ್ಬಳು ಕಂಚಿನ ಹಿಮ್ಮಡಿ ಸವರುತ್ತ ಮಗಳಿಗೆ ಹೇಳಿದಳು: "ನೋಡೇ, ಥೇಟ್ ನನ್ನ ಕಾಲೇ! ನನ್ನನ್ನೇ ನೋಡಿ ಮಾಡಿರ್ಬೇಕು."

ನನಗೆ ಪಿತ್ತ ನೆತ್ತಿಗೇರಿತು. ಜನರನ್ನು ತಳ್ಳಿಕೊಂಡು ಮುಂದೆ ಹೋದೆ.

"ನಿಮ್ದಲ್ಲಮ್ಮ, ಅದು ನಂದು!" ಎಂದು ಚಪ್ಪಲಿ ಕಳಚಿ, ಎಲ್ಲರೆದುರಿಗೆ ಕಾಲೆತ್ತಿ ಮೂರ್ತಿಯ ಕಟ್ಟೆಯ ಮೇಲಿಟ್ಟೆ.

ಆಕೆ ಬಗ್ಗಿ ಅದನ್ನೂ ಇದನ್ನೂ ಹೋಲಿಸಿ ನೋಡಿದಳು. "ಹೌದು ಬಿಡಿ, ನಿಮ್ದೇ. ಪುಣ್ಯ ಮಾಡಿದ್ರಿ," ಎಂದಳು.

ನಾನು ಇನ್ನೊಂದು ಕಾಲನ್ನೂ ತೋರಿಸಿದೆ.