ಎಂಟು ಗಂಟೆಯ ಹಾಜರಿ

ಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು.

"ಮೇಲಕ್ಕೆ ಎತ್ರೋ."

"ಎತ್ತಿದ್ರೆ ಗೋಡೆಗೆ ತಾಗುತ್ತೆ. ಅಳತೆ ತಗೊಳ್ಳೋವಾಗ ಮೆಟ್ಟಿಲು ನೆನಪಿರ್ಲಿಲ್ವಾ ಬಡಗಿ ಮಹಾಶಯರಿಗೆ?"

"ನಾನು ಅಳೆದಿದ್ದು ಅವನನ್ನ, ಮೆಟ್ಟಿಲನ್ನಲ್ಲ," ಎಂದ ಬಡಗಿ.

ಸತ್ತವನ ಹೆಂಡತಿ ನಾಲ್ಕು ಮೆಟ್ಟಿಲು ಮೇಲೆ ನಿಂತು ನೋಡುತ್ತಿದ್ದಳು. ನಿನ್ನೆ ಬೆಳಿಗ್ಗೆ ಗಂಡನ ಎದೆಬಡಿತ ನಿಂತಾಗಿನಿಂದ ಅವಳು ಮಾತಾಡಿರಲಿಲ್ಲ, ಅತ್ತೂ ಇರಲಿಲ್ಲ. ಕೈಕಾಲು ಯಾರಿಂದಲೋ ಎರವಲು ತಂದ ಹಾಗಿದ್ದವು. ಮುಚ್ಚಿಹೋದ ಬಲ್ಬ್ ಕಾರ್ಖಾನೆಯ ಸರಕಿನ ಹಲಗೆಗಳಿಂದಲೇ ಬಡಗಿ ಹೆಣದ ಪೆಟ್ಟಿಗೆ ಮಾಡಿದ್ದ. ಎಷ್ಟು ಉಜ್ಜಿದರೂ ಒಂದು ಬದಿಯ ಅಕ್ಷರ ಹೋಗಿರಲಿಲ್ಲ: ನಿಧಾನ, ಗಾಜು.

"ಯಾವತ್ತೂ ಲೇಟಾಗದ ಮನುಷ್ಯ," ಎಂದಳು ಕೆಳಗಿನಿಂದ, ಕಾರ್ಖಾನೆಯಲ್ಲಿ ಬಲ್ಬ್ ಕಟ್ಟುತ್ತಿದ್ದ ಪ್ಯಾಕಿಂಗ್ ಅಕ್ಕ. "ಹಾಜರಿ ಪುಸ್ತಕದಲ್ಲಿ ಕಾರಣ ಬರೀಬೇಕಾಗುತ್ತೆ ನೋಡ್ರಪ್ಪ. ಮೆಟ್ಟಿಲು ಕಿರಿದು ಅಂತ."

ಯಾರೋ ಕಿಸಕ್ಕೆಂದರು. ನಗು ಮೆಟ್ಟಿಲಿಳಿದು ಹೋಯಿತು. ಪೆಟ್ಟಿಗೆಯೂ ಓರೆಯಾಗಿ ಅದರ ಹಿಂದೆಯೇ ಜಾರಿತು.

*

ಹನ್ನೊಂದು ತಿಂಗಳ ಹಿಂದೆ, ಕಾರ್ಖಾನೆಯ ಗೇಟಿಗೆ ಬೀಗ ಬಿದ್ದ ಮರುದಿನ, ಅಲ್ಲಿ ಹಾಜರಿ ಕರೆಯುತ್ತಿದ್ದ ಅವಳ ಗಂಡ ಎಂದಿನಂತೆ ಸ್ನಾನ ಮಾಡಿ, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡಿದ್ದ.

"ಎಲ್ಲಿಗೆ ಸವಾರಿ?"

"ಅಂಗಳಕ್ಕೆ. ಕೆಲ್ಸ ಹೋಯ್ತು. ಕಾರ್ಖಾನೆ ಜನ ಇಲ್ಲೇ ಇದಾರಲ್ಲ, ನಾಲ್ಕು ಮಹಡಿ ತುಂಬ."

ಎಂಟಕ್ಕೆ ಅಂಗಳದಲ್ಲಿ ನಿಂತು ಎಲ್ಲರನ್ನೂ ಅಡ್ಡಹೆಸರು ಹಿಡಿದು ಕರೆದ. ಮೊದಲ ದಿನ ಕಿಟಕಿಗಳಿಂದ ಬೈಗುಳ ಬಂತು. ಎರಡನೇ ವಾರಕ್ಕೆ ಜನ ಬಂದರು. ಬಂದವರು ಸುಮ್ಮನೆ ಹೋದಾರೆಯೇ? ಒಬ್ಬಳ ಸೋರುವ ನಲ್ಲಿ ಇನ್ನೊಬ್ಬನ ಕೈಗೆ ಹೋಯಿತು, ಇವನ ಮಕ್ಕಳು ಅವಳ ಮಡಿಲಿಗೆ, ಎಲ್ಲೋ ಎರಡು ದಿನದ ಕೆಲಸವಿದೆಯೆಂಬ ಸುದ್ದಿ ಎಲ್ಲರ ಕಿವಿಗೆ. ಕಟ್ಟಳೆ ಒಂದೇ: ಓಗೊಡದವರ ಮನೆಗೆ ಇಬ್ಬರು ಚಹಾ ಹಿಡಿದು ಹತ್ತಬೇಕು. ಜ್ವರವೆಂದರೆ ರಜೆ ಉಂಟು. ಮನಸ್ಸಿಲ್ಲವೆಂದರೆ ಇಲ್ಲ.

ಗೊರಕೆ ಎಂಬ ವೆಲ್ಡರ್ ಒಂಬತ್ತು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದ. ಒಂಬತ್ತು ದಿನವೂ ಚಹಾ ಹೋಯಿತು. ಹತ್ತನೇ ದಿನ, "ಇವರ ಕಾಟ ಸಾಕಪ್ಪ," ಎನ್ನುತ್ತ ತಾನೇ ಇಳಿದು ಬಂದ.

ಹೆಂಡತಿ ಕಾರ್ಖಾನೆಯವಳಲ್ಲ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ದಿನವೂ ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೆ.

*

ಅಂಗಳದಲ್ಲಿ ಪೆಟ್ಟಿಗೆಯನ್ನು ಎರಡು ಬೆಂಚುಗಳ ಮೇಲಿಟ್ಟರು. ಎಂಟಕ್ಕೆ ಇನ್ನೆರಡು ನಿಮಿಷ. ಯಾರೂ ಹೇಳದೆ ಜನ ಸಾಲಾಗಿ ನಿಂತುಬಿಟ್ಟಿದ್ದರು.

ಬಡಗಿ ಹಾಜರಿ ಪುಸ್ತಕವನ್ನು, ಅದಕ್ಕೆ ಸಿಕ್ಕಿಸಿದ್ದ ಪೆನ್ಸಿಲಿನ ಸಮೇತ, ಕೈಯಲ್ಲಿ ತಿರುವಿದ. "ಇದನ್ನ ಅವನ ಜೊತೇಲೇ ಇಟ್ಬಿಡೋಣ. ಇನ್ಯಾರು ಕರೀತಾರೆ?"

"ನಾಳೆಯಿಂದ ಯಾರ ಬಾಗ್ಲನ್ನೂ ಯಾರೂ ತಟ್ಟಲ್ಲ ಅನ್ನು," ಎಂದಳು ಪ್ಯಾಕಿಂಗ್ ಅಕ್ಕ. ಈ ಸಲ ತಮಾಷೆಯಿರಲಿಲ್ಲ.

ಬಡಗಿ ಮುಚ್ಚಳ ಎತ್ತಿದ. ಹೆಂಡತಿಯ ಕೈ ಅವಳಿಗೇ ತಿಳಿಯದೆ ಮುಂದೆ ಬಂದಿತ್ತು.

"ಕೊಡಿ."

ಪುಸ್ತಕ ತೆರೆಯುವುದು ಬೇಕಾಗಲಿಲ್ಲ. "ಬಡಗಿ," ಎಂದಳು.

"ಇದೀನಿ," ಪಕ್ಕದಲ್ಲೇ ನಿಂತಿದ್ದವನು ಕೂಗಿದ.

"ಪ್ಯಾಕಿಂಗ್ ಅಕ್ಕ."

"ಇದೀನಮ್ಮ. ಎಲ್ಲಿಗೆ ಹೋಗ್ಲಿ."

"ಒಂಟೆ." "ಇದೀನಿ." "ಗೊರಕೆ."

ಅವಳು ಸಾಲಿನ ಕೊನೆಯವರೆಗೂ ನೋಡಿದಳು.

"ಗೊರಕೆ."

ಜನ ಪೆಟ್ಟಿಗೆ ನೋಡಿದರು, ಮೆಟ್ಟಿಲು ನೋಡಿದರು. ಪ್ಯಾಕಿಂಗ್ ಅಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಇಬ್ಬರು ಹತ್ತಿ ಹೋದರು.

"ಪೆಟ್ಟಿಗೇಲಿರೋನು ಕಾಯ್ಲಿ ಬಿಡಿ," ಎಂದ ಬಡಗಿ, ಮುಚ್ಚಳ ಇಳಿಸುತ್ತ. "ಅವನೇ ಮಾಡಿದ ಕಟ್ಟಳೆ."

ಗೊರಕೆ ಲೋಟ ಹಿಡಿದು ಇಳಿದು ಬಂದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ಸೋಪಿನ ನೊರೆ.

"ಕನ್ನಡಿ ಮುಂದೆ ಅರ್ಧಕ್ಕೇ ಕೈ ನಿಂತೋಯ್ತು ಅತ್ತಿಗೆ. ಬರೋಕೆ ಮನಸ್ಸಿರ್ಲಿಲ್ಲ."

"ಮನಸ್ಸಿಲ್ಲ ಅಂದ್ರೆ ರಜಾ ಇಲ್ಲ," ಎಂದಳು ಅವಳು.

ಅಂಗಳ ಗೊಳ್ಳೆಂದಿತು. ಅದರಲ್ಲೊಂದು ನಗು ತನ್ನದೇ ಎಂದು ಅವಳಿಗೆ ತಡವಾಗಿ ತಿಳಿಯಿತು. ಅದರ ಬೆನ್ನಿಗೇ ಅಳುವೂ ಬಂತು. ಯಾರೂ ತಡೆಯಲಿಲ್ಲ.

"ನಾಳೆ ನೀವು ಇಳೀದಿದ್ರೆ ನಾವು ಹತ್ತಿ ಬರ್ತೀವಿ," ಎಂದ ಗೊರಕೆ. "ಮೂರನೇ ಮಹಡಿ. ನನ್ನ ಮಂಡಿ ಮೇಲೆ ಸ್ವಲ್ಪ ಕರುಣೆ ಇರ್ಲಿ."

ಪೆಟ್ಟಿಗೆ ಹೆಗಲೇರಿತು. 'ನಿಧಾನ, ಗಾಜು' ಎಂಬ ಅಕ್ಷರಗಳ ಕೆಳಗೆ ಗೊರಕೆಯ ನೊರೆಗೆನ್ನೆ ಬಿಸಿಲಿಗೆ ಒಣಗುತ್ತಿತ್ತು. ಹಿಂದೆ ಅವಳು, ಪುಸ್ತಕ ಕಂಕುಳಲ್ಲಿ, ಪೆನ್ಸಿಲು ಕಿವಿಯ ಮೇಲೆ.