ಬೀರುವಿನ ಆಚೆ ಬದಿ

"ವೈಫೈ ಇಲ್ಲಿ ಸಿಗ್ತಿದೆ, ಬನ್ನಿ," ಎನ್ನುತ್ತ ಚಿತ್ರ ಬರೆಯುವವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕಬ್ಬಿಣದ ಬೀರುವಿನ ಹಿಂದಕ್ಕೆ ನುಗ್ಗಿಯೇಬಿಟ್ಟಳು.

ಅಲ್ಲಿ ಕರಡು ತಿದ್ದುವವನು ಒಬ್ಬನೇ ಕೂತಿದ್ದ.

ಗಮನ ಕೆಡುತ್ತದೆ ಎಂದು ಗೋಗರೆದು, ಹೋದ ತಿಂಗಳು ಅವನೇ ಆ ಬೀರುವನ್ನು ತನಗೂ ಉಳಿದ ಎಂಟು ಮಂದಿಗೂ ನಡುವೆ ನಿಲ್ಲಿಸಿಕೊಂಡಿದ್ದ. ಗಮನವೇನೂ ಕೆಡುತ್ತಿರಲಿಲ್ಲ. ಯಾರಾದರೂ ತಲೆಯೆತ್ತಿ ನೋಡಿದರೆ ತನ್ನ ಮುಖವನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ.

ಅಂದಿನಿಂದ ಕಚೇರಿಯ ವೈಫೈ ಕೈಕೊಡುತ್ತಿತ್ತು. ಅವನಿಗೆ ಮಾತ್ರ ಸರಾಗ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಇವತ್ತು ಸಂಜೆ ಐದಕ್ಕೆ ವಿಜ್ಞಾನದ ಪಠ್ಯ ಮುದ್ರಣಕ್ಕೆ ಹೋಗಬೇಕು. ಉಳಿದವರು ಪುಟ ತೆರೆಯಹೋದರೆ ಬರೀ ತಿರುಗುವ ಚಕ್ರ.

ಚಿತ್ರದವಳ ಬೆನ್ನಿಗೆ ಒಬ್ಬೊಬ್ಬರೇ ಬಂದರು. ಕೊನೆಗೆ ಮುಖ್ಯಸ್ಥರೂ ಕುರ್ಚಿ ಹೊತ್ತು ಬಂದರು. ಮಾತಿಗೊಮ್ಮೆ ಕೈಗಡಿಯಾರ ನೋಡುವ ಅವರನ್ನು ಹಿಂದಿನಿಂದ ಎಲ್ಲರೂ ಕರೆಯುವುದು ಗಡಿಯಾರ ಎಂದೇ.

ಮೊದಲು ಅವನಿಗೆ ಮೈಮೇಲೆ ಇರುವೆ ಹರಿದಂತಾಯಿತು. ಪಕ್ಕೆಗೆ ಒಬ್ಬರ ಮೊಣಕೈ, ಕಾಲಡಿಗೆ ಇನ್ನೊಬ್ಬರ ವೈರು. ಆಮೇಲೆ, ಯಾವಾಗ ಎಂದು ಗೊತ್ತಾಗದ ಹಾಗೆ, ಹಿತವೆನಿಸತೊಡಗಿತು. ಪುಟ ಜೋಡಿಸುವವನಿಗೆ ಎಡಗಿವಿ ಕೇಳಿಸದು ಎಂದು ಇವತ್ತು ತಿಳಿಯಿತು. ಕರೆದರೂ ಆತ ತಿರುಗದಿದ್ದುದನ್ನು ಆರು ವರ್ಷ ಕೊಬ್ಬು ಎಂದುಕೊಂಡಿದ್ದ.

"ಕಪ್ಪೆ ಹೃದಯಕ್ಕೆ ನಾಲ್ಕು ಕೋಣೆ ಬರೆದಿದೀರಿ. ಇರೋದು ಮೂರೇ," ಎಂದ ಕರಡಿನವನು ಚಿತ್ರದವಳಿಗೆ.

"ಇನ್ನೊಂದು ಬಾಡಿಗೆಗೆ ಇರ್ಲಿ ಬಿಡಿ," ಎಂದರು ಗಡಿಯಾರ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನಲ್ಲಿ ಒಂದು ದನಿ ಉಳಿದವಕ್ಕಿಂತ ಜೋರಾಗಿತ್ತು. ಅದು ತನ್ನದೇ ಎಂದು ಗೊತ್ತಾಗಿ ಅವನಿಗೆ ಗಾಬರಿಯಾಯಿತು.

ಮೂರಕ್ಕೆ ನೆಟ್‌ವರ್ಕ್ ರಿಪೇರಿಯವನು ಬಂದ. ಕರಡಿನವನ ಹಿಂದಿನ ಗೋಡೆಯ ಮೇಲಿನ ವೈಫೈ ಡಬ್ಬಿ ನೋಡಿದ, ಬೀರು ನೋಡಿದ.

"ಇಷ್ಟು ಕಬ್ಬಿಣ ಅಡ್ಡ ಇಟ್ರೆ ಸಿಗ್ನಲ್ ಹೇಗೆ ದಾಟುತ್ತೆ ಸಾರ್? ಸರಿಸಿ."

"ಇರ್ಲಿ," ಎಂದ ಕರಡಿನವನು.

ಎಂಟೂ ಮಂದಿ ಅವನತ್ತ ತಿರುಗಿದರು. "ಯಾಕೆ?" ಎಂದರು ಗಡಿಯಾರ.

"ಏನಿಲ್ಲ. ಸರಿಸಿ."

ನಾಲ್ವರು ಸೇರಿ ತಳ್ಳಿ ಬೀರುವನ್ನು ಮೂಲೆಗೆ ಸೇರಿಸಿದರು. ವೈಫೈ ಹೊಳೆಯ ಹಾಗೆ ಹರಿಯಿತು. ಎಲ್ಲರೂ ಖುಷಿಯಾಗಿ ಕುರ್ಚಿ ಹೊತ್ತುಕೊಂಡು ತಮ್ಮ ತಮ್ಮ ಜಾಗಕ್ಕೆ ಹೋದರು. ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಪುಸ್ತಕ ಹೊರಟುಹೋಯಿತು. ಕಪ್ಪೆಗೆ ಮೂರೇ ಕೋಣೆ.

ಈಗ ಎಂಟೂ ತಲೆಗಳು ಅವನಿಗೆ ನಿಚ್ಚಳವಾಗಿ ಕಾಣುತ್ತಿದ್ದವು. ಮುಖವನ್ನು ಏನು ಮಾಡಬೇಕೆಂದು ಇವತ್ತು ಗೊತ್ತಿತ್ತು. ಒಂದು ಮುಗುಳ್ನಗೆ ಸಿದ್ಧಮಾಡಿ ಕಾದ. ದವಡೆ ನೋಯುವವರೆಗೂ ಕಾದ. ಒಂದು ತಲೆಯೂ ಮೇಲೇಳಲಿಲ್ಲ.

ಐದಾಯಿತು. ಬೀರು ನಿಂತಿದ್ದಲ್ಲಿ ನಾಲ್ಕು ಕಾಲುಗಳ ತುಕ್ಕಿನ ಗುರುತು, ನಡುವೆ ಆಳುದ್ದದ ಬರಿದು ನೆಲ. ಒಬ್ಬೊಬ್ಬರೇ ಮೊಬೈಲಿನಿಂದ ಕಣ್ಣು ಕೀಳದೆ ಬಂದರು. ಅಲ್ಲಿಗೆ ಬಂದೊಡನೆ ಹುಷಾರಾಗಿ ಭುಜ ಓರೆ ಮಾಡಿ, ಬರಿದು ನೆಲವನ್ನು ತುಳಿಯದೆ ಸುತ್ತುಬಳಸಿ ಬಾಗಿಲಿನತ್ತ ನಡೆದರು.

ಅವನು ಕೊನೆಯವನು. ನೆಟ್ಟಗೆ ಅದರ ಮೇಲೆಯೇ ಹಾಯಬೇಕೆಂದು ನಿಶ್ಚಯಿಸಿ ಎದ್ದ. ಕಾಲುಗಳು ಸುತ್ತುಬಳಸಿಯೇ ಹೋದವು.