ಮೂವತ್ತು ಹೊರೆ ಸೊಪ್ಪು

ಸಿದ್ದಾಪುರದ ಆ ಕಾಲೇಜು ಎರಡು ಸಾವಿರದ ಎಂಟರಲ್ಲಿ ಜ್ಞಾನದ ಬಾಗಿಲು ತೆರೆಯಿತು. ತೆರೆದದ್ದು ಕಂಪ್ಯೂಟರಿನಲ್ಲಿ. ತರಗತಿಯ ಬಾಗಿಲಿಗೆ ಎಂದಿನಂತೆ ಒಳಗಿನಿಂದ ಚಿಲಕವೇ ಇತ್ತು.

ಅರ್ಥಶಾಸ್ತ್ರದ ಅನಂತಮೂರ್ತಿಯವರು ಇಪ್ಪತ್ತೆಂಟು ವರ್ಷ ಕಾಮಾ, ಫುಲ್‌ಸ್ಟಾಪುಗಳ ಸಮೇತ ಬರೆಸಿದ ನೋಟ್ಸನ್ನು ಟೈಪು ಮಾಡಿಸಿ ಇಂಟರ್‌ನೆಟ್ಟಿಗೆ ಏರಿಸಿದರು. ಪ್ರತಿ ಪಾಠದ ಕೆಳಗೂ ಒಂದು ಸಾಲು: ‘ಯಾರು ಬೇಕಾದರೂ ಓದಬಹುದು, ಹಂಚಬಹುದು, ತಿದ್ದಬಹುದು.’ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಹಾಗೇ ಇತ್ತು, ಹಾಗೇ ಹಾಕಿದರು. ಪೇಪರಿನಲ್ಲಿ ಫೋಟೋ ಬಂತು. ಪ್ರಾಂಶುಪಾಲ ವಿಘ್ನೇಶ್ವರ ಭಟ್ಟರು ಅದಕ್ಕೆ ಕಟ್ಟು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದರು.

ಆ ಸಾಲನ್ನು ಓದಿ ನಂಬಿದವಳು ಜಯಾ ಒಬ್ಬಳೇ. ಯಲ್ಲಾಪುರದ ಕಿರವತ್ತಿಯವಳು, ನಾಲ್ಕು ವರ್ಷದಿಂದ ಇಲ್ಲಿ ಅತಿಥಿ ಉಪನ್ಯಾಸಕಿ. ಬೇರೆ ಅತಿಥಿಗಳಿಗೆ ಈ ಸೀಮೆಯಲ್ಲಿ ಕೂರುವ ಮೊದಲೇ ಕುಡಿಯಲು ಆಸರಿಗೆ ಸಿಗುತ್ತದೆ. ಕಾಲೇಜಿನ ಅತಿಥಿ ಮಾತ್ರ ಪ್ರತಿ ಜೂನ್ ತಿಂಗಳಲ್ಲಿ ಅರ್ಜಿ ಹಿಡಿದು ಹೊರಗೆ ನಿಲ್ಲಬೇಕು. ಭಟ್ಟರು ಹೂಂ ಅಂದರೆ ಇನ್ನೊಂದು ವರ್ಷ ಮನೆಯ ಒಲೆ ಉರಿಯಿತು, ಊಹೂಂ ಅಂದರೆ ಇಲ್ಲ.

ಸೆಪ್ಟೆಂಬರಿನ ಒಂದು ದಿನ ಜಯಾ ಹದಿನಾಲ್ಕನೇ ಪಾಠ ಓದಿಸುತ್ತಿದ್ದಳು. ತೋಟದ ಗೊಬ್ಬರಕ್ಕೆಂದು ಸೊಪ್ಪು ಕೊಯ್ಯಲು ಸರ್ಕಾರ ಅಡಿಕೆ ತೋಟದವರಿಗೆ ಬಿಟ್ಟುಕೊಟ್ಟ ಕಾಡಿದೆಯಲ್ಲ, ಬೆಟ್ಟ ಎನ್ನುತ್ತಾರೆ, ಅದರ ಪಾಠ. ‘ಒಬ್ಬ ಆಳು ದಿನಕ್ಕೆ ಸುಲಭವಾಗಿ ಮೂವತ್ತು ಹೊರೆ ಸೊಪ್ಪು ಕೊಯ್ದು ಹೊರುತ್ತಾನೆ’ ಎಂಬ ಸಾಲು ಬಂದಾಗ ಹಿಂದಿನ ಬೆಂಚಿನಲ್ಲಿ ರಕ್ಷಿತಾ ಕಿಸಕ್ಕನೆ ನಕ್ಕಳು.

“ಯಾಕವ್ವಾ ನಗ್ತಿ?”

“ನಮ್ಮಪ್ಪ ಸೊಪ್ಪು ಕೊಯ್ಯವ ಮೇಡಂ. ಎಂಟು ಹೊರೆ ತಂದ ದಿನ ಅನ್ನ ಕಲಸೂಕೂ ಕೈ ಏಳೂದಿಲ್ಲ.”

“ಹಂಗಾರ ಅವರನ್ನ ಕರ್ಕೊಂಡ್ ಬಾ. ಕೇಳೂಣು.”

ಗುರುವಾರ ಹೆಗ್ಗರಣೆಯಿಂದ ಚೌಡ ಬಂದ. ಕತ್ತಿಯನ್ನು ಜಗಲಿಯಲ್ಲಿಟ್ಟು ಬೆಂಚಿನ ತುದಿಗೆ, ಈಗಲೋ ಆಗಲೋ ಏಳಿಸುತ್ತಾರೆ ಎಂಬಂತೆ ಕೂತ. ಮಗಳು ಪಾಠ ಓದಿ ಹೇಳಿದಳು.

“ಮೂವತ್ತಾ?” ಎಂದ ಚೌಡ. “ಆ ಆಳಿಗೆ ಕೈ ಎಷ್ಟಿದ್ವು ಅಂತ ಬರೆದಾರಾ ಟೀಚರಮ್ಮ?”

ತರಗತಿ ಗೊಳ್ಳೆಂದಿತು. ಆಮೇಲೆ ಚೌಡನ ಬಾಯಿ ಕಟ್ಟುವವರಿರಲಿಲ್ಲ. ಯಾವ ಟೊಂಗೆ ಬಿಟ್ಟರೆ ಮರ ಮತ್ತೆ ಚಿಗುರುತ್ತದೆ, ಚಗಳಿ ಇರುವೆ ಕಚ್ಚಿದಾಗ ಕೈ ಬಿಡದೆ ಇರುವುದು ಹೇಗೆ, ಎಲ್ಲ ಹೇಳಿದ. ಹುಡುಗನೊಬ್ಬ, ಬೆಟ್ಟ ಯಾರದು ಎಂದು ಕೇಳಿದ.

“ಒಡೆಯರದು. ಮರ ಹತ್ತೂದು ನಾನು. ಬಿದ್ರೆ ಮುರಿಯೂ ಕಾಲೊಂದು ಮಾತ್ರ ನಂದು.”

ಮಕ್ಕಳು ಮೂವತ್ತನ್ನು ಹೊಡೆದು ಎಂಟು ಮಾಡಿದರು. ಕಾಲಿನ ಮಾತನ್ನೂ ಸೇರಿಸಿ, ‘ಹೇಳಿದವರು: ಚೌಡ, ಹೆಗ್ಗರಣೆ’ ಎಂದು ಬರೆದು ಇಂಟರ್‌ನೆಟ್ಟಿಗೆ ಏರಿಸಿದರು.

ಯಾರೋ ಹುಡುಗಿ ಹೋಗಿ, “ಸರ್, ಪರೀಕ್ಷೆಗೆ ಮೂವತ್ತು ಬರೀಬೇಕಾ ಎಂಟಾ?” ಎಂದು ಅನಂತಮೂರ್ತಿಯವರನ್ನೇ ಕೇಳಿಬಿಟ್ಟಳು. ಅವರು ಸೀದಾ ಭಟ್ಟರ ಕೋಣೆಗೆ ನುಗ್ಗಿದರು. ಜಯಾಳಿಗೆ ಕರೆ ಹೋಗಿ ಅವಳು ಬಂದಾಗಲೂ ಅವರ ಸಿಟ್ಟು ಇಳಿದಿರಲಿಲ್ಲ.

“ಇಪ್ಪತ್ತೆಂಟು ವರ್ಷ ಯಾರಿಗೂ ತೊಂದ್ರೆ ಆಜಿಲ್ಲೆ! ಮೂವತ್ತು ಬರೆದವಕ್ಕೆಲ್ಲ ಮಾರ್ಕ್ಸು ಸಿಕ್ಕಿದ್ದು!”

“ಎಂತ ಮಾರಾಯ್ತಿ ಇದು?” ಎಂದು ಭಟ್ಟರು ಜಯಾಳನ್ನು ಕೇಳಿದರು.

“ತಿದ್ದಬಹುದು ಅಂತ ಬರದಿತ್ರಿ ಸರ್.”

“ಬರೆದಿರ್ತದೆ. ಮನೆಗೆ ಬಂದವರಿಗೆ ‘ನಿಮ್ಮದೇ ಮನೆ’ ಅಂತೇವೆ. ಹಾಗಂತ ಅವರು ಎದ್ದುಹೋಗಿ ಕಪಾಟು ತೆಗೀತಾರಾ? ಸೋಮವಾರ ವಿಶ್ವವಿದ್ಯಾಲಯದ ಸಮಿತಿ ಬರ್ತದೆ. ಅಷ್ಟರೊಳಗೆ ಮೂವತ್ತು ವಾಪಸು ಬರಬೇಕು. ಜೂನ್ ಬಂದೇ ಬರ್ತದೆ ತಂಗೀ, ನೆನಪಿರಲಿ.”

ಜಯಾ ಕಂಪ್ಯೂಟರಿನ ಮುಂದೆ ಕೂತಳು. ಎಂಟನ್ನು ಅಳಿಸಲು ಒಂದು ಬೆರಳು ಸಾಕಿತ್ತು. ಮನೆಯ ಒಲೆಯೂ ನೆನಪಾಯಿತು, ಚೌಡ ಬೆಂಚಿನ ತುದಿಯಲ್ಲಿ ಕೂತ ರೀತಿಯೂ ನೆನಪಾಯಿತು. ಬೆರಳು ಏಳಲಿಲ್ಲ. ಎದ್ದು ಬಸ್ಸಿಗೆ ನಡೆದಳು.

ಸೋಮವಾರ ಸಮಿತಿ ಬಂತು. ಅಧ್ಯಕ್ಷರು ಕಟ್ಟು ಹಾಕಿದ ಫೋಟೋ ನೋಡಿ ತಲೆದೂಗಿ ಹೇಳಿದರು: “ನೋಟ್ಸು ಹಾಕಿದ್ದೀರಿ, ಸಂತೋಷ. ಆದರೆ ಅದು ಹಳೇ ಮಾತಾಯ್ತು. ಈ ವರ್ಷದಿಂದ ನಾವು ನೋಡುವುದು ಮುಕ್ತ ಬೋಧನೆ. ವಿದ್ಯಾರ್ಥಿಗಳು ಪಾಠ ತಿದ್ದುತ್ತಾರಾ? ಹೊರಗಿನವರು ಬಂದು ಕಲಿಸುತ್ತಾರಾ? ಇದಕ್ಕೆ ಇಪ್ಪತ್ತು ಅಂಕ.”

“ಧಾರಾಳವಾಗಿ!” ಎಂದರು ಭಟ್ಟರು. “ಅದು ನಮ್ಮ ಸಂಸ್ಥೆಯ ಪರಂಪರೆ!”

ಅಳಿಸದೆ ಉಳಿದಿದ್ದ ಹದಿನಾಲ್ಕನೇ ಪಾಠವನ್ನು ಅವರೇ ತೆಗೆದು ತೋರಿಸಿದರು.

“ಚೌಡ ಅಂದರೆ ಯಾರು?”

“ನಮ್ಮ ಸಂಪನ್ಮೂಲ ವ್ಯಕ್ತಿ ಸರ್.”

ಸಂಪನ್ಮೂಲ ವ್ಯಕ್ತಿ ಆ ಹೊತ್ತಿಗೆ ಭಟ್ಟರದೇ ಬೆಟ್ಟದಲ್ಲಿ ಮರದ ಮೇಲಿದ್ದ. ಜಯಾ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಳು. ಇಪ್ಪತ್ತಕ್ಕೆ ಇಪ್ಪತ್ತು ಅಂಕ ಬಿತ್ತು. ವರದಿಯಲ್ಲಿ ಸಂಸ್ಥೆಯ ಹೆಸರಿತ್ತು, ಭಟ್ಟರ ಹೆಸರಿತ್ತು, ಅವಳದಿರಲಿಲ್ಲ. ಮರುವಾರದಿಂದ ಅನಂತಮೂರ್ತಿಯವರು ಗಲಾಟೆಯಾಗದಂತೆ ಚಿಲಕ ಹಾಕಿಕೊಂಡು, ‘ಮುಕ್ತ ಬೋಧನೆ: ಅರ್ಥ, ಲಕ್ಷಣಗಳು, ಪ್ರಯೋಜನಗಳು’ ಎಂದು ನೋಟ್ಸು ಬರೆಸತೊಡಗಿದರು.

ಜೂನ್ ಬಂತು. ಜಯಾ ಅರ್ಜಿ ಹಿಡಿದು ನಿಂತಳು. ಭಟ್ಟರು ಅಪರೂಪಕ್ಕೆ ಕುರ್ಚಿ ತೋರಿಸಿದರು.

“ಅತಿಥಿ ಹುದ್ದೆ ಈ ಸಲ ಇಲ್ಲ ತಂಗೀ. ಮುಕ್ತ ಬೋಧನೆಗೆ ಒಬ್ಬ ಸಂಯೋಜಕ ಬೇಕಾಯ್ತು, ಅಕ್ಕನ ಮಗ ಶಶಾಂಕನ್ನ ತಗೊಂಡಾಯ್ತು. ಆದ್ರೆ ನಿನಗೆ ಹುದ್ದೆ ಎಂತಕ್ಕೆ? ಈಗ ಹೊರಗಿನವರೂ ಬಂದು ಕಲಿಸ್ಲಕ್ಕು. ಚೌಡ ಬಂದಿದ್ನಲ್ಲ, ಹಾಗೆ ನೀನೂ ಶನಿವಾರ ಬಾ.”

“ಸಂಬಳ ಸರ್?”

“ಜ್ಞಾನಕ್ಕೆ ಬೆಲೆ ಕಟ್ಟೂಕೆ ಆಗ್ತದಾ?”

ಜಯಾ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಅಳು ಬರಬೇಕಿತ್ತು. ಬಂದದ್ದು ಬೇರೆಯೇ.

“ಅದನ್ನ ಬರಹದಾಗ ಕೊಡ್ರಿ ಸರ್.”

ಮುಂದಿನ ಸಮಿತಿಗೆ ತೋರಿಸಲೂ ಆಯಿತೆಂದು ಭಟ್ಟರು ಹಿಗ್ಗಿನಿಂದಲೇ ಬರೆದರು: ‘ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಯಾರು ಬೇಕಾದರೂ ಬಂದು ಪಾಠ ಮಾಡಬಹುದು.’ ಸಹಿ ಹಾಕಿ ಮೊಹರು ಒತ್ತಿದರು.

ಜಯಾ ಮನೆಯ ಬಸ್ಸು ಹತ್ತಲಿಲ್ಲ, ಹೆಗ್ಗರಣೆಯದು ಹತ್ತಿದಳು. ಚೌಡನ ಅಂಗಳದಲ್ಲಿ ರಕ್ಷಿತಾ ಕಾಗದವನ್ನು ಗಟ್ಟಿಯಾಗಿ ಓದಿದಳು.

“ಕೂಲಿ ಎಷ್ಟಂತೆ?” ಎಂದು ಚೌಡ ಕೇಳಿದ.

“ಇಲ್ಲ.”

“ಕೂಲಿ ಇಲ್ದೆ ದುಡಿಸ್ಕಳ್ಳೂಕೆ ಮೊಹರು ಬೇರೆ ಹಾಕ್ಯಾರಾ? ನಮ್ಮಪ್ಪನಿಗೆ ಬರೀ ಬಾಯಲ್ಲೇ ಹೇಳ್ತಿದ್ರು.”

“ನಾ ಒಬ್ಬಾಕೀನ ಹೋಗೂದಿಲ್ಲ ಚೌಡಣ್ಣಾ. ಯಾರು ಬೇಕಾದರೂ ಅಂತ ಐತಿ.”

ಚೌಡ ಕಾಗದವನ್ನು ಕೈಗೆ ತೆಗೆದುಕೊಂಡು ಮೊಹರನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಅಳಿಸಲಿಲ್ಲ.

“ಪಾಠ ಎಂತದು?”

“ಬೆಟ್ಟ ಯಾರದು ಅಂತ.”

ಚೌಡ ಎದ್ದು ಕೇರಿಯ ಕಡೆ ತಿರುಗಿ, ಭಟ್ಟರ ಬೆಟ್ಟಕ್ಕೆ ಆಳು ಕರೆಯುವವನಿಗೆ ಕೂಗು ಹಾಕಿದ:

“ಶಂಕ್ರಪ್ಪಾ! ಶನಿವಾರ ನಾವು ಯಾರೂ ಸೊಪ್ಪಿಗೆ ಬರೂದಿಲ್ಲ ಅಂತ ಭಟ್ರಿಗೆ ಹೇಳ್ಬಿಡು. ಅವರ ಕಾಲೇಜಲ್ಲೇ ಕೆಲಸ ಅದೆ!”